ಕೆರೆಯ ಬೇಡಿ

ಒಂದು ಊರು. ಅದಕ್ಕೊಂದು ಹೆಸರೂ ಇತ್ತು, ಕಥೆಗೆ ಬೇಕಾಗಿಲ್ಲ. ಅಲ್ಲಿ ಎಲ್ಲರಿಗೂ ನವೆ.

ಕೂಸಿಗೆ ಕೆನ್ನೆಯಲ್ಲಿ, ನಡೆಯುವವರಿಗೆ ಮಂಡಿಯ ಹಿಂದೆ, ದುಡಿಯುವವರಿಗೆ ಮೊಳಕೈ ಮಡಿಕೆಯಲ್ಲಿ, ಮುದುಕರಿಗೆ ಎಲ್ಲೆಂದರಲ್ಲಿ. ಚರ್ಮ ಒಣಗುತ್ತಿತ್ತು, ಕೆಂಪಾಗುತ್ತಿತ್ತು, ಬಿರಿಯುತ್ತಿತ್ತು, ಮಾಯುತ್ತಿತ್ತು, ಮತ್ತೆ ಒಣಗುತ್ತಿತ್ತು. ಹಗಲೆಲ್ಲ ಮಲಗಿರುವ ನವೆ ಹೊತ್ತು ಮುಳುಗುವಾಗ ಏಳುತ್ತಿತ್ತು. ಊರಿನವರು ಅದನ್ನು ನವೆ ಎಂದು ಕರೆಯುತ್ತಿರಲಿಲ್ಲ. ನೆಂಟ ಎನ್ನುತ್ತಿದ್ದರು.

"ನೆಂಟ ಬಂದ್ನಾ?"

"ಬಂದ. ಕಾಲು ಚಾಚ್ಕೊಂಡು ಕೂತಿದ್ದಾನೆ."

ಹೋಗುವ ನೆಂಟನಲ್ಲ. ಅವನನ್ನು ಓಡಿಸಿದವರು ಆ ಊರಲ್ಲಿ ಯಾರೂ ಇರಲಿಲ್ಲ.

ಊರ ಬಾಗಿಲಲ್ಲಿ ಒಂದು ಕಲ್ಲು ನಿಂತಿತ್ತು. ಕಲ್ಲಿನ ಮೇಲೆ ಒಂದೇ ಮಾತು: ಕೆರೆಯಬೇಡಿ.

ಅದೇ ಊರಿನ ಕಟ್ಟಳೆ. ಬೇರೆ ಕಟ್ಟಳೆ ಇರಲಿಲ್ಲ. ಕದ್ದವನನ್ನು ಬೈಯುತ್ತಿದ್ದರು. ಸುಳ್ಳು ಹೇಳಿದವನನ್ನು ನೋಡಿ ನಗುತ್ತಿದ್ದರು. ಕೆರೆದುಕೊಂಡವನನ್ನು ಮಾತ್ರ ಕಲ್ಲು ದಾಟಿಸುತ್ತಿದ್ದರು. ಕಲ್ಲಿನ ಆಚೆ ಬಯಲು. ಬಯಲಲ್ಲಿ ಒಣ ಗಾಳಿ. ದಾಟಿದವರು ತಿರುಗಿ ಬಂದದ್ದಿಲ್ಲ.

ಕಟ್ಟಳೆ ಕೆಟ್ಟದ್ದೇನೂ ಅಲ್ಲ. ಕೆರೆದರೆ ನೆಂಟನಿಗೆ ಉಣ್ಣಲು ಬಡಿಸಿದ ಹಾಗೆ. ಒಂದು ತುತ್ತು ತಿಂದವನು ಎಲೆ ಹಾಕಿಸಿಕೊಳ್ಳುತ್ತಾನೆ, ಎಲೆ ಹಾಕಿದರೆ ಪಾಯಸ ಎಲ್ಲಿ ಎನ್ನುತ್ತಾನೆ. ಇದು ಊರಿಗೆ ಗೊತ್ತಿತ್ತು. ತಲೆಗೆ ಗೊತ್ತಿದ್ದರೆ ಕೈಗೆ ಗೊತ್ತಿರಬೇಕೆಂದೇನಿಲ್ಲ.

ಅದಕ್ಕೇ ಕೈಹಿಡಿ ಹೊತ್ತು ಎಂದು ಒಂದು ಮಾಡಿದ್ದರು. ಹೊತ್ತು ಮುಳುಗುವಾಗ ಊರ ಯಜಮಾನ ಜಾಗಟೆ ಬಾರಿಸುತ್ತಿದ್ದ. ಜಾಗಟೆ ಕೇಳಿದರೆ ಮಾಡುವ ಕೆಲಸ ಬಿಟ್ಟು ಎಲ್ಲರೂ ಜಗಲಿಗೆ ಬರಬೇಕು. ಎದುರುಬದುರು ಕೂತು ಒಬ್ಬರ ಕೈ ಇನ್ನೊಬ್ಬರು ಹಿಡಿಯಬೇಕು. ಗಂಡನ ಕೈ ಹೆಂಡತಿ, ಅತ್ತೆಯ ಕೈ ಸೊಸೆ. ಮಾತು ಬಿಟ್ಟ ಅಣ್ಣತಮ್ಮಂದಿರು ಮುಖ ಆ ಕಡೆ ಈ ಕಡೆ ಮಾಡಿಕೊಂಡು ಕೈ ಮಾತ್ರ ಹಿಡಿಯುತ್ತಿದ್ದರು. ನೆಂಟ ಬಂದು, ಮೈಯೆಲ್ಲ ಓಡಾಡಿ, ಬೇಸತ್ತು ಮಲಗುವವರೆಗೆ ಕೈ ಬಿಡುವಂತಿಲ್ಲ. ಆ ಊರಲ್ಲಿ ಒಂಟಿ ಎಂದರೆ ಮನೆಯಿಲ್ಲದವನಲ್ಲ, ಕೈಹಿಡಿ ಹೊತ್ತಿನಲ್ಲಿ ಕೈ ಇಲ್ಲದವನು. ಅಂಥವನು ಒಬ್ಬನೇ ಇದ್ದ. ಯಜಮಾನ. ಅವನ ಕೈಗೆ ಜಾಗಟೆಯ ಕೆಲಸವಿತ್ತು.

ಕಥೆ ಕಲ್ಲುಕುಟಿಗನದು. ಅವನಿಗೆ ಮಾತು ಕಡಿಮೆ. ಅವನ ಹೆಂಡತಿ ಬೆಣ್ಣೆ ಕಡೆಯುವವಳು. ಅವನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಅವನ ನೆಂಟನ ಮನೆ ಬಲಗೈ ಮೊಳಕೈ ಮಡಿಕೆ. ಪ್ರತಿ ಸಂಜೆ ಅವಳು ಅವನ ಎರಡು ಕೈಯನ್ನೂ ತನ್ನ ಕೈಯಲ್ಲಿ ಹಿಡಿದು, ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಅವನು ಹ್ಞೂಂ ಎನ್ನುತ್ತಿದ್ದ. ಹೀಗೆ ಬಾಳಿದ್ದರು.

ಒಂದು ವರ್ಷ ಕಲ್ಲಿನ ಅಕ್ಷರ ಸವೆದುಹೋಯಿತು. ಎಮ್ಮೆಗಳು ಬೆನ್ನು ಉಜ್ಜಿ ಉಜ್ಜಿ ಸವೆಸಿದವು ಎಂದ ಯಜಮಾನ. ಊರೂ ಹಾಗೇ ಅಂದಿತು. ಕಲ್ಲುಕುಟಿಗ ಹೋಗಿ ನೋಡಿದ. ಕಲ್ಲು ನುಣುಪಾಗಿದ್ದ ಜಾಗ ಅವನ ತಲೆಗಿಂತ ಮೇಲಿತ್ತು. ಅಷ್ಟೆತ್ತರದ ಎಮ್ಮೆ ಊರಲ್ಲಿ ಇರಲಿಲ್ಲ. ಅಷ್ಟೆತ್ತರದ ಮನುಷ್ಯ ಒಬ್ಬನಿದ್ದ.

"ಹೊಸ ಕಲ್ಲು ಮಾಡು. ಹುಣ್ಣಿಮೆಗೆ ನಿಲ್ಸೋಣ," ಎಂದ ಯಜಮಾನ.

"ಹ್ಞೂಂ."

ಅವನು ಗುಡ್ಡದಿಂದ ಕಲ್ಲು ಇಳಿಸಿದ. ಮುಖ ಸಮ ಮಾಡಿದ. ಕೆಮ್ಮಣ್ಣಿನಲ್ಲಿ ಅಕ್ಷರ ಬರೆದುಕೊಂಡ. ಉಳಿ ಹಿಡಿದ. ಕೆ ಬಂತು. ರೆ ಬಂತು. ಯ ಬರುವ ಹೊತ್ತಿಗೆ ಹುಣ್ಣಿಮೆಯ ಹಿಂದಿನ ಸಂಜೆಯಾಗಿತ್ತು. ಜಾಗಟೆಗೆ ಪೆಟ್ಟು ಬಿತ್ತು.

ಅವನು ಉಳಿ ಕೆಳಗಿಟ್ಟು ಕೂತ. ಹೆಂಡತಿ ಬರಬೇಕಿತ್ತು, ಬರಲಿಲ್ಲ. ಅವತ್ತು ಅವಳ ಬೆಣ್ಣೆ ಬಂದಿರಲಿಲ್ಲ. ಇನ್ನೇನು ಬಂತು, ಇನ್ನೇನು ಬಂತು ಎಂದು ಕಡೆಯುತ್ತಲೇ ಇದ್ದಳು. ಅವನು ಎರಡು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ನೆಂಟ ಬಂದ. ಮೊದಲು ಬಾಗಿಲು ತಟ್ಟಿದ, ಆಮೇಲೆ ಒಳಗೆ ಬಂದ, ಆಮೇಲೆ ಅಟ್ಟ ಹತ್ತಿ ಕುಣಿದ. ಕಲ್ಲುಕುಟಿಗ ಗುಡ್ಡ ನೋಡಿದ. ಹಲ್ಲು ಕಚ್ಚಿದ. ಇಷ್ಟು ವರ್ಷ ಕಲ್ಲಿಗೆ ಬಗ್ಗದ ಕೈ ಎಂದುಕೊಂಡ.

ಅಷ್ಟರಲ್ಲಿ ಎಡಗೈ ಹೋಗಿ ಆಗಿತ್ತು.

ಕೆರೆದ. ಕಣ್ಣು ಮುಚ್ಚಿಕೊಂಡು ಕೆರೆದ. ಕಟ್ಟಳೆ, ಕಲ್ಲು, ಬಯಲು ಎಲ್ಲ ಮರೆತು ಕೆರೆದ. ಅಂಥ ಸುಖ ಹೇಳಬಾರದು. ಕಣ್ಣು ತೆರೆದಾಗ ಮೊಳಕೈ ಉರಿಯುತ್ತಿತ್ತು. ಕೈ ಆಡಿಸಿದ ಭರಕ್ಕೆ ಕೆಮ್ಮಣ್ಣಿನ ಗುರುತು ಅಳಿಸಿಹೋಗಿತ್ತು. ಬೆಳಕೂ ಇರಲಿಲ್ಲ, ಚಂದ್ರ ಇನ್ನೂ ಗುಡ್ಡದ ಹಿಂದೆಯೇ ಇದ್ದ. ಅಂದಾಜಿನ ಮೇಲೆ ಮತ್ತೆ ಬರೆದುಕೊಂಡು ಕೆತ್ತಿದ. ಬೇ ಬಂತು. ಡಿ ಬಂತು.

ಬೆಣ್ಣೆಯ ಕೈಯಲ್ಲೇ ಓಡಿಬಂದ ಹೆಂಡತಿ ಅವನ ಮೊಳಕೈ ನೋಡಿದಳು. ಉದ್ದಕ್ಕೆ ಗೀರು.

"ಏನಿದು?"

"ಹಕ್ಕಿ."

"ಉಗುರು ಕತ್ತರಿಸದ ಹಕ್ಕಿ," ಎಂದಳು. ಬೆರಳಿನ ಬೆಣ್ಣೆಯನ್ನು ಗೀರಿಗೆ ಸವರಿದಳು. ಅಂಗಿಯ ತೋಳು ಕೆಳಕ್ಕೆಳೆದಳು. ಅವತ್ತು ಮನೆಗೆ ಹೋಗುವವರೆಗೂ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗ ಅವನಿಗೆ ಭಯವಾಯಿತು.

ಹುಣ್ಣಿಮೆಯ ಬೆಳಿಗ್ಗೆ ಕಲ್ಲು ನಿಂತಿತು. ಊರೆಲ್ಲ ಸೇರಿತು. ಕಲ್ಲು ನಿಂತ ಮೇಲೆ ಅದನ್ನು ಓದಬೇಕು. ಓದಿದ ಮೇಲೆ ಅದು ಕಟ್ಟಳೆ. ಓದುವುದಕ್ಕೆ ಊರಲ್ಲಿ ಒಬ್ಬಳಿದ್ದಳು. ಅವಳನ್ನು ಓದುವವಳು ಎಂದೇ ಕರೆಯುತ್ತಿದ್ದರು. ವಯಸ್ಸಾಗಿ ಕಣ್ಣು ಹೋಗಿತ್ತು, ಬೆರಳಿನಿಂದ ಓದುತ್ತಿದ್ದಳು. ಬರೆದದ್ದನ್ನು ಬರೆದ ಹಾಗೆ ಓದುವುದು ಅವಳ ಕೆಲಸ. ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ.

ಬೆರಳು ಕೆ ಮೇಲೆ ಹೋಯಿತು. ರೆ ಮೇಲೆ ಹೋಯಿತು. ಯ ಮೇಲೆ ಹೋಯಿತು. ಆಮೇಲೆ ನುಣ್ಣನೆಯ ಕಲ್ಲಿಗೆ ಬಿತ್ತು. ಒಂದು ಅಂಗೈ ಅಗಲ ಬರೀ ಕಲ್ಲು. ಓದುವವಳು ಅಲ್ಲಿ ನಿಂತಳು. ಉಸಿರು ತೆಗೆದುಕೊಂಡಳು. ಆಮೇಲೆ ಮುಂದೆ ಹೋದಳು.

"ಕೆರೆಯ," ಎಂದಳು. "ಬೇಡಿ."



"ಒಟ್ಟಿಗೆ ಓದು," ಎಂದ ಯಜಮಾನ.

"ಒಟ್ಟಿಗೆ ಬರೆದಿದ್ರೆ ಒಟ್ಟಿಗೆ ಓದ್ತಿದ್ದೆ."

"ಹಂಗಂದ್ರೆ ಏನರ್ಥ?"

"ಕೆರೇನ ಬೇಡ್ಕೊಳ್ಳಿ ಅಂತ. ನೀರಿನ ಕೆರೆ. ಕನ್ನಡ ಬರಲ್ವಾ ನಿಂಗೆ?"

ಯಜಮಾನ ಕಲ್ಲುಕುಟಿಗನ ಕಡೆ ತಿರುಗಿದ. "ಯಾಕಯ್ಯ ಈ ಜಾಗ ಬಿಟ್ಟೆ?"

ಕಲ್ಲುಕುಟಿಗ ಅಂಗಿಯ ತೋಳನ್ನು ಮತ್ತೆ ಕೆಳಕ್ಕೆಳೆದುಕೊಂಡ. ಆ ಅಂಗೈಯಗಲ ಕಲ್ಲಿನಲ್ಲಿ ಅವನ ತಪ್ಪು ಊರಿಗೆಲ್ಲ ಕಾಣುವ ಹಾಗೆ ನಿಂತಿತ್ತು. ನಿಜ ಹೇಳಿದರೆ ಬಯಲು. ಬಯಲಲ್ಲಿ ಗಾಳಿ ಇರುತ್ತದೆ, ಈ ಹೆಂಗಸಿನ ಕೈ ಇರುವುದಿಲ್ಲ.

"ಕಲ್ಲನ್ನ ಕೇಳಿ," ಎಂದ.

"ಕೆರೆದು ತೆಗಿ. ಬೇರೆ ಬರಿ," ಎಂದ ಯಜಮಾನ.

"ಕೆರೆಯೋದಾ?" ಎಂದಳು ಓದುವವಳು. "ಹಳೇ ಕಲ್ಲಲ್ಲಿ ಏನಿತ್ತು ಅಂತ ಇನ್ನೊಂದ್ಸಲ ಹೇಳ್ಲಾ?"

ಹಿಂದೆ ನಿಂತ ಕುಂಬಾರ ನಕ್ಕ. ಯಜಮಾನ ನೋಡಿದ ಮೇಲೆ ಕೆಮ್ಮಿದ.

ಯಜಮಾನ ಕಲ್ಲಿಗೆ ಒಂದು ಸುತ್ತು ಬಂದ. ಆಮೇಲೆ ಹೇಳಿದ: "ಸರಿ. ಬೇಡಿ ನೋಡೋಣ. ಅಮಾವಾಸ್ಯೆ ಒಳಗೆ ಕೆರೆ ಬಂದ್ರೆ ಇದು ಮಾತು. ಬರದಿದ್ರೆ ಇದು ತಪ್ಪು. ತಪ್ಪಾದ್ರೆ ಕೆತ್ತಿದವನು ಕಲ್ಲು ದಾಟ್ತಾನೆ."

ಆ ಊರಿಗೆ ಕೆರೆ ಇರಲಿಲ್ಲ. ಒಂದು ಬಾವಿಯಿತ್ತು, ಕುಡಿಯಲು ಸಾಕು, ಅಡುಗೆಗೆ ಸಾಕು, ಮೈಗೆ ಸಾಲದು. ಮೈಗೆ ಒದ್ದೆ ಬಟ್ಟೆಯೊಂದೇ ಗತಿ. ಕೆರೆ ಎಂದರೆ ಏನೆಂದು ನೆನಪಿದ್ದವಳು ಓದುವವಳೊಬ್ಬಳೇ. ಅವಳಿಗೂ ಮಾತಾಗಿ ನೆನಪಿತ್ತು, ನೀರಾಗಿ ಅಲ್ಲ.

ಊರು ಬೇಡಲು ಹೊರಟಿತು. ಆಕಾಶವನ್ನು ಬೇಡಿದರು. ಒಂದು ಮೋಡ ಬಂದು, ಕೇಳಿಸಿಕೊಂಡು, ಹೋಯಿತು. ಗುಡ್ಡವನ್ನು ಬೇಡಿದರು. ಕೆರೆ ಎಂದರೆ ಗುಡ್ಡವೂ ಕೆರೆ ಎಂದಿತು, ಕೊಡು ಎಂದರೆ ಕೊಡು ಎಂದಿತು. ನಮ್ಮನ್ನೇ ಬೇಡುತ್ತಿದೆ ಎಂದು ತಿರುಗಿ ಬಂದರು. ಬಾವಿಯನ್ನು ಬೇಡಿದರು. ಕಪ್ಪೆಯೊಂದು ಬಗ್ಗಿದವರ ಮುಖ ನೋಡಿ ಮುಳುಗಿತು. ಚಂದ್ರ ದಿನದಿನಕ್ಕೂ ಸವೆಯುತ್ತಿದ್ದ.

ಒಂದು ಸಂಜೆ ಕಲ್ಲುಕುಟಿಗ ಕಲ್ಲಿನ ಬುಡದಲ್ಲಿ ತಗ್ಗೊಂದರಲ್ಲಿ ಕೂತಿದ್ದ. ಮನೆಯ ಕೋಳಿಯೊಂದು ಅವನ ಹಿಂದೆ ಬಂದು ಅಲ್ಲೇ ನೆಲ ಕೆದಕುತ್ತಿತ್ತು. ಜಾಗಟೆ ಬಿತ್ತು. ಹೆಂಡತಿ ಬಂದು ಎದುರು ಕೂತಳು.

"ಕೈ ಕೊಡು," ಎಂದಳು.

ಅವನು ಕೊಡಲಿಲ್ಲ. "ಇನ್ನು ರೂಢಿ ಮಾಡ್ಕೋಬೇಕು," ಎಂದ. "ಕೈ ಇಲ್ದೆ ಇರೋದನ್ನ."

"ಅವತ್ತು ಬೆಣ್ಣೆ ಬರಲಿಲ್ಲ," ಎಂದಳು ಅವಳು.

ನೆಂಟ ಬಂದ. ಕಲ್ಲುಕುಟಿಗನ ಕೈ ಎದ್ದಿತು. ಮೊಳಕೈಗೆ ಹೋಗುತ್ತಿದ್ದ ಕೈಯನ್ನು ಅವನು ಎಳೆದು ನೆಲಕ್ಕೆ ಹಾಕಿದ. ಉಗುರು ಮಣ್ಣಿಗೆ ಇಳಿಯಿತು. ಕೈ ಹೇಗೂ ನಿಲ್ಲುವುದಿಲ್ಲವಲ್ಲ, ಕೋಳಿಯ ಪಕ್ಕದಲ್ಲೇ ಎರಡು ಕೈಯಲ್ಲೂ ನೆಲ ಕೆರೆದ. ಮಣ್ಣು ಎದ್ದಿತು. ಮತ್ತೆ ಕೆರೆದ. ಮೇಲಿನ ಮಣ್ಣು ಬಿಸಿಯಾಗಿತ್ತು, ಕೆಳಗಿನದು ತಣ್ಣಗಿತ್ತು. ಆ ತಂಪು ಉಗುರಿನಿಂದ ಬೆರಳಿಗೆ, ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಳಕೈಗೆ ಏರಿತು. ನೆಂಟ ಒಂದು ಗಳಿಗೆ ಕುಣಿಯುವುದನ್ನು ನಿಲ್ಲಿಸಿ ಕಿವಿ ಕೊಟ್ಟ.

"ನೆಲಕ್ಕೂ ನೆಂಟ ಇದ್ದಾನೆ," ಎಂದ ಕಲ್ಲುಕುಟಿಗ.

ಹೆಂಡತಿ ಅವನನ್ನು ನೋಡಿದಳು. ಕೋಳಿಯನ್ನು ನೋಡಿದಳು. ಸೆರಗು ಸಿಕ್ಕಿಸಿ ತಾನೂ ಕೂತಳು.

ಮಾರನೆಯ ಸಂಜೆ ಕುಂಬಾರ ಬಂದ. ಅವನ ಹೆಂಡತಿ ಬಂದಳು. ಅತ್ತೆ ಸೊಸೆಯರು ಬಂದರು. ಮಾತು ಬಿಟ್ಟ ಅಣ್ಣತಮ್ಮಂದಿರು ಬಂದು ಬೆನ್ನಿಗೆ ಬೆನ್ನು ಹಾಕಿ ಕೆರೆದರು. ಜಾಗಟೆ ಬಿದ್ದರೆ ಜಗಲಿಗೆ ಹೋಗುವವರೇ ಇಲ್ಲ, ಎಲ್ಲರೂ ತಗ್ಗಿಗೆ. ಊರಿನ ಅಷ್ಟೂ ನವೆ ನೆಲಕ್ಕಿಳಿಯಿತು. ಎಷ್ಟು ವರ್ಷದ ನವೆ. ಅಜ್ಜಂದಿರು ತಡೆದುಕೊಂಡದ್ದೂ ಸೇರಿ ಬಂತು. ಮಣ್ಣು ಬುಟ್ಟಿ ಬುಟ್ಟಿಯಾಗಿ ಎದ್ದಿತು. ಯಾರೋ ಪದ ಹೇಳಿದರು, ಯಾರೋ ಸೊಲ್ಲು ಕೊಟ್ಟರು. ತಗ್ಗು ಅಗಲವಾಗುತ್ತ ಕಲ್ಲಿನ ಬುಡ ಬಳಸಿ ಆಚೆಗೂ ಹೋಯಿತು. ತಾವು ಕಲ್ಲು ದಾಟಿದ್ದೇವೆಂದು ಯಾರಿಗೂ ಹೊಳೆಯಲಿಲ್ಲ. ಆಚೆ ಕಡೆಯಿಂದಲೂ ಯಾರೋ ಕೆರೆಯುತ್ತಿದ್ದ ಸದ್ದು ಬರುತ್ತಿತ್ತು.

ಯಜಮಾನ ಜಾಗಟೆ ಹಿಡಿದುಕೊಂಡೇ ಬಂದ. ಅಂಥ ಸೆಕೆಯಲ್ಲೂ ಕತ್ತಿನಿಂದ ಕಾಲಿನವರೆಗೆ ನಿಲುವಂಗಿ ತೊಟ್ಟಿದ್ದ.

"ಎಲ್ಲ ಸೇರ್ಕೊಂಡು ಕೆರೀತಿದ್ದೀರಿ," ಎಂದ.

"ಕೆರೀತಿಲ್ಲ ಯಜಮಾನ್ರೇ," ಎಂದಳು ಕಲ್ಲುಕುಟಿಗನ ಹೆಂಡತಿ. "ಬೇಡ್ತಿದ್ದೀವಿ. ಬೇಡೋನು ಏನು ಮಾಡ್ತಾನೆ? ಬೊಗಸೆ ಒಡ್ತಾನೆ. ನಾವು ಇಷ್ಟು ದಿನ ಬರೀ ಬಾಯಲ್ಲಿ ಬೇಡಿದ್ವಿ. ಬೊಗಸೆ ಇಲ್ದೆ ಬೇಡಿದ್ರೆ ಕೊಡೋನು ಎಲ್ಲಿಗೆ ಹಾಕ್ತಾನೆ?"

ಯಜಮಾನ ತಗ್ಗು ನೋಡಿದ. ಅದು ಬೊಗಸೆಯ ಹಾಗೇ ಇತ್ತು. ಬೆರಳಿಗೆ ಬೆರಳು ಕೂಡಿಸಿದ ಹಾಗೆ ಸುತ್ತ ದಿಣ್ಣೆ, ನಡುವೆ ಗುಳಿ. ಅವನು ಜಾಗಟೆಯನ್ನು ಬಾರಿಸದೆ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಅಮಾವಾಸ್ಯೆಯ ಹಿಂದಿನ ಸಂಜೆ ಉಗುರಿಗೆ ಬಂಡೆ ಸಿಕ್ಕಿತು. ಗುಳಿಯ ತಳದುದ್ದಕ್ಕೂ ಒಂದೇ ಬಂಡೆ. ಕೆರೆಯುವ ಕೈಗಳೆಲ್ಲ ನಿಂತವು. ಊರು ಕಲ್ಲುಕುಟಿಗನನ್ನು ನೋಡಿತು. ಅವನು ಉಳಿ, ಸುತ್ತಿಗೆ ತೆಗೆದುಕೊಂಡು ನಡುವೆ ಇಳಿದ.

ಹೊಡೆದ. ಬಂಡೆ ಗಟ್ಟಿ. ಮತ್ತೆ ಹೊಡೆದ. ಜಾಗಟೆ ಬಿತ್ತು. ಜಾಗಟೆ ಬಿದ್ದ ಕೂಡಲೇ ನೆಂಟ ಬಂದ, ಇವತ್ತು ಮಕ್ಕಳು ಮರಿಯನ್ನೂ ಕರೆದುಕೊಂಡು ಬಂದ. ಕಲ್ಲುಕುಟಿಗನ ಎಡಗೈ ಉಳಿ ಬಿಡಲು ಹವಣಿಸಿತು. ಈ ಸಲ ಕೈ ಬಿಟ್ಟರೆ ಮುಗಿಯಿತು. ನಾಳೆ ಅಮಾವಾಸ್ಯೆ.

ಅಷ್ಟರಲ್ಲಿ ಮೊಳಕೈ ಮಡಿಕೆಗೆ ಏನೋ ತಣ್ಣಗೆ ತಗುಲಿತು. ಹೆಂಡತಿ ಹಿಂದೆ ಕೂತಿದ್ದಳು. ಮಜ್ಜಿಗೆಯಲ್ಲಿ ಅದ್ದಿದ ಅಂಗೈಯನ್ನು ಅಲ್ಲಿ ಇಟ್ಟಿದ್ದಳು. ಉಜ್ಜಲಿಲ್ಲ, ಒತ್ತಲಿಲ್ಲ, ಸುಮ್ಮನೆ ಇಟ್ಟಿದ್ದಳು.

"ಇವತ್ತು ಬೆಣ್ಣೆ ಬೇಗ ಬಂತು," ಎಂದಳು. "ನೀನು ಹೊಡಿ."

ಅವನು ಹೊಡೆದ. ಅವಳ ಕೈ ಅವನ ಕೈಯ ಜೊತೆ ಏರಿತು, ಇಳಿಯಿತು. ಏರಿತು, ಇಳಿಯಿತು. ಬಂಡೆ ಒಂದು ಅಂಗೈ ಅಗಲ ಬಾಯಿ ಬಿಟ್ಟಿತು. ಒಳಗಿನಿಂದ ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರು ಬಿಟ್ಟ ಹಾಗೆ ಸದ್ದಾಯಿತು. ಆಮೇಲೆ ನೀರು.

ಮೊದಲು ಪಾದಕ್ಕೆ ಬಂತು. ಯಾರೂ ಓಡಲಿಲ್ಲ. ಮಂಡಿಯ ಹಿಂದಕ್ಕೆ ಬಂದಾಗ ಊರಿನ ಅರ್ಧ ಜನ ಹಾ ಎಂದರು. ಸೊಂಟಕ್ಕೆ ಬಂತು, ಮೊಳಕೈ ಮಡಿಕೆಗೆ ಬಂತು. ಅಣ್ಣನೊಬ್ಬ ತಮ್ಮನ ಮೇಲೆ ನೀರೆರಚಿದ; ತಮ್ಮ ಎಷ್ಟೋ ವರ್ಷದ ಮೇಲೆ ಮೊದಲ ಮಾತಾಗಿ, "ಕತ್ತೆ," ಎಂದ. ಕೂಸುಗಳ ಕೆನ್ನೆಗೆ ತಾಯಂದಿರು ನೀರು ಮುಟ್ಟಿಸಿದರು. ಮೈಯ ಒಂದೊಂದು ಬಿರುಕೂ ಬಾಯಿ ತೆರೆದು ಕುಡಿಯಿತು. ನೆಂಟ ನೀರು ನೋಡಿ ಕಾಲು ಮಡಚಿ, ಮೂಲೆಗೆ ಸರಿದು, ಮಲಗಿದ.

ಆಚೆ ದಡದಲ್ಲಿ ಜನ ನಿಂತಿದ್ದರು. ಯಾವಾಗಲೋ ಕಲ್ಲು ದಾಟಿದವರು. ಅವರ ಉಗುರಲ್ಲೂ ಮಣ್ಣಿತ್ತು.

"ಅಣ್ಣಾ, ನೀನಾ?" ಎಂದ ಕುಂಬಾರ.

"ಇನ್ಯಾರು. ಅರ್ಧ ನಾನೇ ತೋಡಿದ್ದು," ಎಂದ ಅವನ ಅಣ್ಣ. ನೀರಿಗಿಳಿದು ಈ ಕಡೆಗೆ ಬಂದ. ಯಾರೂ ತಡೆಯಲಿಲ್ಲ. ಎಲ್ಲಿ ತಡೆಯಬೇಕೆಂದು ಗೊತ್ತಾಗಲಿಲ್ಲ, ಗಡಿ ನೀರಿನ ಅಡಿಗೆ ಹೋಗಿತ್ತು.

ಯಜಮಾನ ದಡದಲ್ಲಿ ನಿಂತಿದ್ದ. ಜಾಗಟೆ ಕೆಳಗಿಟ್ಟ. ಆ ಕಡೆ ಈ ಕಡೆ ನೋಡಿದ. ನಿಲುವಂಗಿ ತೆಗೆದ. ಅವನ ಬೆನ್ನು ಮೇಲಿನಿಂದ ಕೆಳಗಿನವರೆಗೆ ಕಲ್ಲಿಗೆ ಉಜ್ಜಿ ಉಜ್ಜಿ ಕೆಂಪಾಗಿತ್ತು. ಊರು ನೋಡಿತು. ಹಳೆಯ ಕಲ್ಲನ್ನು ನೆನೆಯಿತು.

"ಎಮ್ಮೆ," ಎಂದಳು ಕಲ್ಲುಕುಟಿಗನ ಹೆಂಡತಿ.

ನಗೆ ಒಂದು ಕಡೆಯಿಂದ ಎದ್ದು ನೀರಿನ ಮೇಲೆ ಅಲೆಯಾಗಿ ಇನ್ನೊಂದು ಕಡೆಗೆ ಹೋಯಿತು. ಯಜಮಾನ ಮೊದಲು ಹುಬ್ಬು ಗಂಟಿಕ್ಕಿದ. ಆಮೇಲೆ ನೀರು ಅವನ ಬೆನ್ನು ಮುಟ್ಟಿತು. ಆಮೇಲೆ ಅವನೂ ನಕ್ಕ. ಅವನ ನಗು ಹೇಗಿರುತ್ತದೆಂದು ಊರಿಗೆ ಅವತ್ತೇ ಗೊತ್ತಾದದ್ದು. ಓದುವವಳು ಸದ್ದು ಹಿಡಿದು ಅವನಿದ್ದ ಕಡೆಗೆ ಬಂದಳು.

"ಕೈ ಕೊಡು," ಎಂದಳು. "ಇಷ್ಟು ವರ್ಷ ಜಾಗಟೆ ಹಿಡಿದು ಸಾಕಾಗಿಲ್ವಾ?"

ಕೊಟ್ಟ.

ಸ್ವಲ್ಪ ಹೊತ್ತಾದ ಮೇಲೆ ಯಜಮಾನ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು ಕಲ್ಲುಕುಟಿಗನನ್ನು ಕೇಳಿದ: "ಈಗ ಹೇಳಯ್ಯ. ಯಾಕೆ ಬಿಟ್ಟೆ ಆ ಜಾಗ?"

ಊರು ಕಿವಿಗೊಟ್ಟಿತು. ಏನೋ ದೊಡ್ಡ ಮಾತು ಬರುತ್ತದೆಂದು ಕಾದಿತು. ಕಲ್ಲುಕುಟಿಗ ಹೆಂಡತಿಯ ಮುಖ ನೋಡಿದ.

"ನವೆಯಾಗಿತ್ತು," ಎಂದ.

ಆ ಊರಲ್ಲಿ ಆ ಮಾತನ್ನು ಅದರ ಹೆಸರು ಹಿಡಿದು ಯಾರೂ ಆಡಿರಲಿಲ್ಲ.

"ನಂಗೂ," ಎಂದ ಯಜಮಾನ.

"ನಂಗೂ," ಎಂದ ಕುಂಬಾರ. ಆಮೇಲೆ ಊರೆಲ್ಲ ಅಂದಿತು.

ನೆಂಟ ಹೋಗಲಿಲ್ಲ. ಹೋಗುವವನಲ್ಲ ಎಂದು ಮೊದಲೇ ಹೇಳಿದೆ. ಇವತ್ತಿಗೂ ಹೊತ್ತು ಮುಳುಗುವಾಗ ಬರುತ್ತಾನೆ. ಊರು ಅವನನ್ನು ಕೆರೆಗೆ ಕರೆದುಕೊಂಡು ಹೋಗುತ್ತದೆ. ನೆನೆಸುತ್ತದೆ. ಮೈಯನ್ನು ಉಜ್ಜದೆ, ಹಳೆಯ ಬಟ್ಟೆಯಿಂದ ಒತ್ತಿ ಒರೆಸುತ್ತದೆ. ತೇವ ಆರುವ ಮುಂಚೆ ತುಪ್ಪ ಸವರುತ್ತದೆ. ಕಲ್ಲುಕುಟಿಗನ ಹೆಂಡತಿ ಕೆರೆಯ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಮೊಲ್ಲೆ ಹೂವಿನಷ್ಟು ಬೆಳ್ಳಗೆ ಮಾಡಿದ ತುಪ್ಪ. ಆಮೇಲೆ ದಡದಲ್ಲಿ ಕೂತು ಕೈ ಹಿಡಿದುಕೊಳ್ಳುತ್ತದೆ. ಈಗ ಅದಕ್ಕೆ ಜಾಗಟೆ ಬೇಕಾಗಿಲ್ಲ. ಕೆಲವು ದಿನ ಇಷ್ಟೆಲ್ಲ ಮಾಡಿದರೂ ನೆಂಟ ಕುಣಿಯುತ್ತಾನೆ. ಕುಣಿಯಲಿ, ನಾಳೆಯೂ ಕೆರೆ ಇದೆ.

ಹುಣ್ಣಿಮೆಗೊಮ್ಮೆ ಕಲ್ಲನ್ನು ಓದುತ್ತಾರೆ. ಕೆರೆದುಕೊಳ್ಳಬಾರದೆಂಬ ಕಟ್ಟಳೆ ಕಟ್ಟಳೆಯೇ, ಬದಲಾಗಿಲ್ಲ. ಮೊದಲ ಪಾಲು ಓದಿದ ಮೇಲೆ ಆ ಅಂಗೈಯಗಲ ಜಾಗ ಬರುತ್ತದೆ. ಅಲ್ಲಿ ಬರೆದದ್ದೇನೂ ಇಲ್ಲ, ಹಾಗಾಗಿ ಅಲ್ಲಿ ಕಟ್ಟಳೆಯೂ ಇಲ್ಲ. ಓದುವವಳು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಯಾರು ಬೇಕಾದರೂ ಕೆರೆದುಕೊಳ್ಳಬಹುದು.

"ಕೆರೆಯ," ಎನ್ನುತ್ತಾಳೆ ಅವಳು, ನಿಲ್ಲುತ್ತಾಳೆ.

ವಯಸ್ಸಾಗಿದೆ. ಉಸಿರು ತೆಗೆದುಕೊಳ್ಳಲು ಅವಳಿಗೆ ಬಹಳ ಹೊತ್ತು ಬೇಕು. ಯಾರೂ ಅವಸರ ಮಾಡುವುದಿಲ್ಲ.